ಕಣ್ಮುಚ್ಕಂಡ್ ತಕಳಿ

ಮಂಡ್ಯದಿಂದ ಮೈಸೂರಿಗೆ ಬೆಳಗಿನ ಪ್ಯಾಸೆಂಜರ್,
ಹೆಂಗಸರ ಡಬ್ಬಿ, ಬಾಗಿಲಿನಿಂದ ಮೂರನೇ ಕಿಟಕಿ.
ಅಲ್ಲಿ ಜವರಮ್ಮ.
ಯಾವುದೋ ಸ್ಕೂಲಿನ ಆಯಾ ಅಂತೆ.
ಅದು ಸಂಬಳಕ್ಕೆ.

ನಿಜವಾದ ಕೆಲಸ ಶುರುವಾಗುವುದು ಹೀಗೆ:
ಎದುರು ಕೂತವಳ ಕೊಡೆಯ ಕಡ್ಡಿ ಮುರಿದಿರುತ್ತದೆ.
"ಎಲ್ ತಕಂಡ್ರಿ ಇದ್ನ? ಎಷ್ಟ್ ಕೊಟ್ರಿ?"
ಉತ್ತರ ಬರುವ ಮೊದಲೇ ಲೊಚಗುಟ್ಟಿ,
"ಮೋಸ ಹೋದ್ರಿ ಕಣವ್ವ.
ಸಂತೇಪೇಟೆ, ಮೂಲೆಯಿಂದ ನಾಕ್ನೇ ಅಂಗ್ಡಿ.
ಮರದ ಹಿಡಿ ಇರೋದ್ನ ಕೇಳಿ,
ಪ್ಲಾಸ್ಟಿಕ್ ಹಿಡಿ ತೋರ್ಸಿದ್ರೆ ಮುಟ್ಬ್ಯಾಡಿ.
ಹನ್ನೊಂದು ಮಳೆಗಾಲ ಕಂಡದೆ ನಂದು.
ಕಣ್ಮುಚ್ಕಂಡ್ ತಕಳಿ."

ಯಲಿಯೂರು ಬರುವಷ್ಟರಲ್ಲಿ ಕೊಡೆ ಮುಗಿದು ಈಳಿಗೆಮಣೆ.
ಪೇಟೆ ಬೀದಿಯ ಕುಲುಮೆಯಲ್ಲಿ ಬಡಿದದ್ದು;
ನುಗ್ಗೇಕಾಯಿ ತೋರಿಸಿದರೆ ಸಾಕಂತೆ,
ಕುಂಬಳಕಾಯಿ ಕೂಡ ಎದುರು ಮಾತಾಡುವುದಿಲ್ಲವಂತೆ.
ಬ್ಯಾಡರಹಳ್ಳಿಗೆ ಸೇಫ್ಟಿ ಪಿನ್ನು.
ಪಾಂಡವಪುರದಲ್ಲಿ ಒಳಲಂಗದ ಲಾಡಿ;
ಅದಕ್ಕೆ ಮಾತ್ರ ದನಿ ತಗ್ಗುತ್ತದೆ,
ಬಾಗಿಲಲ್ಲಿ ಕಡಲೇಕಾಯಿಯ ಹುಡುಗ ನಿಂತಿರುತ್ತಾನೆ.

ಶ್ರೀರಂಗಪಟ್ಟಣದ ಸೇತುವೆಯ ಮೇಲೆ
ಎಲ್ಲರೂ ಹೊಳೆಗೆ ನಾಣ್ಯ ಎಸೆದು ಕಣ್ಣಿಗೊತ್ತಿಕೊಳ್ಳುವಾಗ
ಕೈ ಕಟ್ಟಿ ಕೂತವಳು ಇವಳೊಬ್ಬಳೇ.
"ಅವ್ವಂಗ್ಯಾಕೆ ಕಾಸು? ಏನ್ ತಕತಾಳೆ?"

ಕಮಿಷನ್ನು ಕೊಡುತ್ತಾರಾ ಅಂಗಡಿಯವರು
ಎಂದು ಒಮ್ಮೆ ಕೇಳಿಬಿಟ್ಟೆ.
ಬೇಜಾರಾಗಲಿಲ್ಲ ಅವಳಿಗೆ, ಅರ್ಥವಾಗಲಿಲ್ಲ.
"ನನ್ ಮಕಾನೇ ಗೊತ್ತಿಲ್ವಲ್ಲ ಅವ್ರಿಗೆ."

ತಪ್ಪಿದ್ದೂ ಉಂಟು.
ಟ್ರೆಜರಿಯ ಮುಬೀನಾಗೆ ಹೇಳಿದ ತಲೆಯೆಣ್ಣೆ
ಒಂದೇ ತಿಂಗಳಲ್ಲಿ ಅವಳ ಹಣೆಯನ್ನು
ಎರಡು ಬೆರಳು ಹಿಂದಕ್ಕೆ ತಳ್ಳಿತು.
ಇಡೀ ಡಬ್ಬಿ ನಕ್ಕಿತು. ಮುಬೀನಾಳೂ ನಕ್ಕಳು.
ಜವರಮ್ಮ ಮಾತ್ರ ಎಲೆಅಡಿಕೆಯ ಚೀಲ ಬಿಚ್ಚಿ
ತೊಂಬತ್ತು ರೂಪಾಯಿ ಎಣಿಸಿ
ಅವಳ ಟಿಫನ್ ಡಬ್ಬಿಯ ಮೇಲಿಟ್ಟಳು.
"ಕೂದ್ಲ ಬೆಲೆ ಅಲ್ಲ ಕಣವ್ವ, ನನ್ ಮಾತಿಂದು."

ಗೊತ್ತಾದ ಗಂಡನ್ನು ಒಪ್ಪಲೋ ಬಿಡಲೋ ತಿಳಿಯದೆ
ಪಾಲಿಟೆಕ್ನಿಕ್ಕಿನ ಹುಡುಗಿ ದಾಕ್ಷಾಯಿಣಿ
ತಮಾಷೆಗೆಂಬಂತೆ ಕೇಳಿದಳು ಒಂದು ದಿನ:
"ಗಂಡ ಎಂಥದ್ದು ಒಳ್ಳೇದು ಜವರಮ್ಮ? ಯಾವ ಅಂಗಡಿ?"
ಯಾವತ್ತೂ ನಿಲ್ಲದ ಬಾಯಿ
ನಾಗನಹಳ್ಳಿ ದಾಟುವವರೆಗೂ ನಿಂತಿತ್ತು.
ಮೈಸೂರಿನ ಹೊರಸಿಗ್ನಲ್ಲಿನಲ್ಲಿ ರೈಲೂ ನಿಂತಾಗ
ಬಳೆ ಸರಿಸಿ, ಮಣಿಕಟ್ಟಿನ ಹಳೇ ಕಲೆ ಉಜ್ಜುತ್ತ ಅಂದಳು,
"ಅದ್ನ ಮಾತ್ರ ಕಣ್ ಬಿಟ್ಕಂಡ್ ತಕೊ, ಮಗ."

ನನಗೆ ಹೇಳಿದ್ದು ಫ್ಲಾಸ್ಕು.
ಬೇಡ ಅಂದೆ, ವಾರವಿಡೀ ಹೇಳಿದಳು.
ಕೊನೆಗೆ ಕೊಂಡದ್ದು ಅವಳ ಬಾಯಿ ಮುಚ್ಚಿಸಲು;
ಅಟ್ಟದ ಮೇಲೆ ಎಂಟು ತಿಂಗಳು ಬಿದ್ದಿತ್ತು.

ಅತ್ತೆಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ ರಾತ್ರಿ
ಯಾರೋ ಅದನ್ನು ತಂದು ಮಂಚದ ಕೆಳಗಿಟ್ಟಿದ್ದರು.
ಮೂರು ಗಂಟೆ. ಕ್ಯಾಂಟೀನಿಗೆ ಬೀಗ.
ನಲ್ಲಿಯಲ್ಲಿ ಬರೀ ಗಾಳಿ.
ತಿರುಗಿಸಿದರೆ, ಸಂಜೆ ಆರರ ಕಾಫಿ
ಈಗ ತಾನೇ ಒಲೆಯಿಂದಿಳಿದ ಹಾಗೆ
ಹಬೆ ಬಿಟ್ಟು ಉಸಿರಾಡಿತು.

ಪಕ್ಕದ ಮಂಚದ ಬುಡದಲ್ಲಿ
ಗೋಣಿ ಹಾಸಿ ಕೂತಿದ್ದವಳು
ಆ ಹಬೆಯನ್ನೇ ನೋಡುತ್ತಿದ್ದಳು.
ಹೆಸರು ಕೇಳಲಿಲ್ಲ ನಾನು, ಯಾವ ಕಾಯಿಲೆ ಎಂದೂ.
ಮುಚ್ಚಳ ತುಂಬ ಬಗ್ಗಿಸಿ ಕೊಟ್ಟೆ.
ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ಕೇಳಿದಳು,
"ಎಲ್ಲಿ ತಗಂಡ್ರಿ ಇದ?"

ಸಂತೇಪೇಟೆ, ಅಂದೆ. ಕೊಡೆ ಅಂಗಡಿಯ ಎದುರಿಗೆ.
ಹಸಿರು ಮುಚ್ಚಳದ್ದೇ ಕೇಳಿ.
ನೀಲಿಯದು ಸೋರುತ್ತೆ.